ಸ್ಥಳೀಯರಿಗೆ ಕೆಲಸ: ನಮ್ಮ ವಸಂತನರಸಾಪುರ ಪ್ರಾಜೆಕ್ಟ್ ಎಲ್ಲಿಗೆ ಬಂತು

ಎಂ.ಎ. ಕೊನೆ ಸೆಮಿಸ್ಟರ್ ಪ್ರಾಜೆಕ್ಟಿನ ಫೀಲ್ಡ್ ಕೆಲಸ ಅರ್ಧ ದಾಟಿದೆ. ತುಮಕೂರಿನ ಕಾರ್ಖಾನೆಗಳಲ್ಲಿ ಸ್ಥಳೀಯರಿಗೆ ಕೆಲಸ ಸಿಗುತ್ತಿದೆಯಾ, ಸರ್ಕಾರದ ನೀತಿಯಿಂದ ಏನಾದರೂ ಅನುಕೂಲ ಆಗಿದೆಯಾ ಅಂತ ನೋಡುವುದು ನಮ್ಮ ವಿಷಯ. ತಂಡದಲ್ಲಿ ಮೂವರಿದ್ದೇವೆ. ವಸಂತನರಸಾಪುರ ಕೈಗಾರಿಕಾ ಪ್ರದೇಶ, ಅದರ ಸುತ್ತಲಿನ ಹಳ್ಳಿಗಳು, ಇಷ್ಟೇ ನಮ್ಮ ಓಡಾಟ.

ಓದುವ ಭಾಗ ಬೇಗ ಮುಗಿಯಿತು. ಕನ್ನಡಿಗರಿಗೆ ಕೆಲಸ ಕೊಡುವ ಬಗ್ಗೆ ನೋಡಲು ರಾಜ್ಯ ಸರ್ಕಾರ ಮಾಡಿದ ಸರೋಜಿನಿ ಮಹಿಷಿ ಸಮಿತಿ 1983ರಲ್ಲಿ ರಚನೆಯಾಗಿ 1986ರಲ್ಲಿ 58 ಶಿಫಾರಸು ಕೊಟ್ಟಿತು. ಸ್ಥಳೀಯ ಅನ್ನಿಸಿಕೊಳ್ಳಲು 15 ವರ್ಷ ರಾಜ್ಯದಲ್ಲಿ ವಾಸ ಇರಬೇಕು ಅಂತ ಅದರಲ್ಲಿದ್ದ ಲೆಕ್ಕವೇ ಕರ್ನಾಟಕದ 2024ರ ಸ್ಥಳೀಯರ ಮೀಸಲಾತಿ ಮಸೂದೆಯಲ್ಲೂ ಬಂತು. ಆ ಜುಲೈನಲ್ಲಿ ಸಂಪುಟ ಒಪ್ಪಿದ ಮಸೂದೆ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಅಂದಿತು. ಕಂಪನಿಗಳ ಕಡೆಯಿಂದ ಗಲಾಟೆ ಎದ್ದದ್ದೇ ತಡ, ತಡೆಹಿಡಿದರು. ಹರಿಯಾಣದವರು ತಿಂಗಳಿಗೆ 30,000 ರೂಪಾಯಿ ಒಳಗಿನ ಖಾಸಗಿ ಕೆಲಸಗಳಲ್ಲಿ ಶೇ. 75 ಸ್ಥಳೀಯರಿಗೆ ಅಂತ ಕಾನೂನೇ ಮಾಡಿದ್ದರು. 2023ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಿತು. ಎಲ್ಲಾ ಕಡೆ ವಾದ ನಡೆದಿರುವುದು ಸ್ಥಳೀಯ ಅಂದರೆ ಯಾರು, ಶೇಕಡಾ ಎಷ್ಟು ಅನ್ನುವುದರ ಮೇಲೆ. ನಮ್ಮ ಮೊದಲ ಫಾರಂ ಕೂಡ ಅದನ್ನೇ ಕೇಳುತ್ತಿತ್ತು. ಹುಟ್ಟಿದ್ದೆಲ್ಲಿ, ಎಷ್ಟು ವರ್ಷದಿಂದ ಇದ್ದೀರಿ, ಕನ್ನಡ ಓದಲು ಬರುತ್ತಾ.

ಶಿಫ್ಟ್ ಬಿಡುವ ಹೊತ್ತಿಗೆ ಟೀ ಅಂಗಡಿ ಹತ್ತಿರ ನಿಂತ ಮೇಲೆ ಫಾರಂ ಬದಲಾಯಿತು. ಶಿರಾ ಕಡೆಯ ಹುಡುಗನೊಬ್ಬ, ಐಟಿಐ ಫಿಟ್ಟರ್. ಯಾವ ಕಂಪನಿ ಅಂದರೆ ಅಂಗಿ ಜೇಬಿನ ಮೇಲಿನ ಲೋಗೋ ತೋರಿಸಿದ. ಪಿಎಫ್ ಕಟ್ಟುತ್ತಾರಾ ಅಂತ ಕೇಳಿದೆ. ಫೋನ್ ತೆಗೆದ. ಓಟಿಪಿ ಬರುವಷ್ಟರಲ್ಲಿ ಟೀ ಆರಿಹೋಯಿತು. ಪಾಸ್‌ಬುಕ್ ತೆರೆದರೆ ಸಂಸ್ಥೆಯ ಜಾಗದಲ್ಲಿ ಲೋಗೋದ ಹೆಸರೇ ಇಲ್ಲ, ಬೆಂಗಳೂರಿನ ಯಾವುದೋ ಮ್ಯಾನ್‌ಪವರ್ ಏಜೆನ್ಸಿಯ ಹೆಸರಿದೆ. "ಇವರನ್ನ ನಾನು ನೋಡೇ ಇಲ್ಲ ಸಾರ್" ಅಂದ. ಪಕ್ಕದಲ್ಲಿದ್ದವನು ಸುಮ್ನೆ ಕುತೂಹಲಕ್ಕೆ ತನ್ನದೂ ತೆಗೆದ. ಅವನದು ಇನ್ನೊಂದು ಏಜೆನ್ಸಿ. ಇಬ್ಬರೂ ಒಂದೇ ಲೈನಿನಲ್ಲಿ ಅಕ್ಕಪಕ್ಕದ ಮೆಷಿನ್ ಓಡಿಸುವವರು!

ಈಗ ಫಾರಂನಲ್ಲಿ ಮೊದಲ ಪ್ರಶ್ನೆಯೇ ಪಾಸ್‌ಬುಕ್‌ನಲ್ಲಿ ಯಾರ ಹೆಸರಿದೆ ಅಂತ. ಒಪ್ಪಿದವರದ್ದನ್ನು ಮಾತ್ರ ನೋಡುತ್ತೇವೆ, ನಂಬರ್ ಬರೆದುಕೊಳ್ಳುವುದಿಲ್ಲ. ಶೇ. 70 ಅಂದರೆ ಯಾರ ಲೆಕ್ಕದ ಶೇ. 70? ಕಂಪನಿಯ ಪಟ್ಟಿಯದ್ದಾ, ಏಜೆನ್ಸಿಯದ್ದಾ? ಇದನ್ನು ಬಿಟ್ಟು ಶೇಕಡಾ ಬಗ್ಗೆ ಎಷ್ಟು ಮಾತಾಡಿದರೂ ಗಾಳಿಗೆ ಗುದ್ದಿದ ಹಾಗೆ ಅಂತ ನನಗೀಗ ಅನಿಸಿದೆ.

ಅಪ್ರೆಂಟಿಸ್‌ಗಳದ್ದು ಇನ್ನೊಂದು ಕತೆ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅವರು ತರಬೇತಿಯಲ್ಲಿರುವವರು, ಕಾರ್ಮಿಕರಲ್ಲ. ನಾವು ಮಾತಾಡಿಸಿದ ಲೋಕಲ್ ಹುಡುಗರಲ್ಲಿ ಇವರೇ ಜಾಸ್ತಿ. ಅವಧಿ ಮುಗಿದ ಮೇಲೆ ಸರ್ಟಿಫಿಕೇಟ್ ಹಿಡಿದು ಪಕ್ಕದ ಗೇಟಿಗೆ ಹೋಗಿ ನಿಲ್ಲುತ್ತಾರೆ. ಇವರನ್ನು ಯಾವ ಕಾಲಂಗೆ ಹಾಕಬೇಕು ಅಂತ ನಮ್ಮ ತಂಡದಲ್ಲೇ ಇನ್ನೂ ಜಗಳ ನಡೆಯುತ್ತಿದೆ.

ಜಮೀನು ಕೊಟ್ಟ ಹಳ್ಳಿಯೊಂದಕ್ಕೂ ಹೋಗಿದ್ದೆವು. ಯಜಮಾನರೊಬ್ಬರು ಜಗುಲಿ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, "ಮನೆಗೊಂದು ಕೆಲಸ ಅಂದ್ರು ಕಣಪ್ಪ. ಕೊಟ್ರು. ನಮ್ಮ ಹೊಲದ ಗೇಟನ್ನೇ ನನ್ನ ಮಗ ಕಾಯ್ತಾನೆ" ಅಂದರು. ಮಗ ಸೆಕ್ಯುರಿಟಿ ಏಜೆನ್ಸಿ ಕಡೆಯವನು. ಏಜೆನ್ಸಿ ಬದಲಾದಾಗಲೆಲ್ಲ ಹೊಸಬರ ಹತ್ತಿರ ಹೋಗಿ ಮತ್ತೆ ಅರ್ಜಿ ಕೊಡಬೇಕು. ಯಾವ ಮಸೂದೆ ತಂದರೂ ಇವನಿಗಿಂತ ಸ್ಥಳೀಯ ಸಿಗುವುದಿಲ್ಲ ಅಲ್ವಾ?

ಸೂಪರ್‌ವೈಸರ್‌ಗಳನ್ನು ಕೇಳಿದರೆ ಊರಿನವರು ಹಬ್ಬ, ಜಾತ್ರೆ, ರಾಗಿ ಕೊಯ್ಲು ಅಂತ ರಜಾ ಹಾಕುತ್ತಾರೆ, ರೂಮಿನಲ್ಲಿರುವ ಹೊರಗಿನ ಹುಡುಗರು ಕರೆದಾಗ ಬರುತ್ತಾರೆ ಅನ್ನುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ರಾತ್ರಿ ಶಿಫ್ಟ್ ಬಿಟ್ಟಾಗ ಹಳ್ಳಿಗೆ ಬಸ್ ಇರುವುದಿಲ್ಲ. ಬೈಕ್ ಇರುವವನು ಮಾತ್ರ ಓವರ್‌ಟೈಮ್‌ಗೆ ನಿಲ್ಲಬಲ್ಲ. ಹೆಣ್ಣುಮಕ್ಕಳಂತೂ ಕಂಪನಿ ಬಸ್ ಯಾವ ರೂಟಿನಲ್ಲಿ ಬರುತ್ತದೆ ಅಂತ ನೋಡಿಕೊಂಡೇ ಕೆಲಸಕ್ಕೆ ಸೇರುತ್ತಾರೆ. ಪ್ಯಾಕಿಂಗ್ ಕೆಲಸದ ಒಬ್ಬ ಅಕ್ಕ ಸಂಬಳ 800 ರೂಪಾಯಿ ಕಡಿಮೆ ಇದ್ದರೂ ಊರ ಬಾಗಿಲಿಗೆ ಬಸ್ ಬರುವ ಕಡೆಗೇ ಬದಲಾಯಿಸಿಕೊಂಡಿದ್ದಾರೆ. ಬಸ್ ರೂಟಿನ ಮ್ಯಾಪ್ ಒಂದನ್ನು ಬರೆಯಲು ಶುರು ಮಾಡಿದ್ದೇನೆ. ವರದಿಯಲ್ಲಿ ನನಗೆ ಇಷ್ಟವಾಗುವ ಪುಟ ಅದೇ ಆಗಬಹುದು.

"ಇದು ಪಾಲಿಸಿ ಪ್ರಾಜೆಕ್ಟಾ, ಬಸ್ ಪ್ರಾಜೆಕ್ಟಾ?" ಅಂತ ಗೈಡ್ ಮೇಡಂ ನಕ್ಕರು. ಆದರೆ ಅಧ್ಯಾಯಕ್ಕೆ ಒಪ್ಪಿಗೆ ಕೊಟ್ಟರು. ಎಚ್‌ಆರ್‌ನವರು ಬಾಯಿಮಾತಿನಲ್ಲಿ ಹೇಳಿದ ಶೇಕಡಾಗಳನ್ನು ಟೇಬಲ್‌ಗೆ ಹಾಕಬೇಡಿ, ಕಾಗದ ಕೊಟ್ಟರೆ ಮಾತ್ರ ಹಾಕಿ ಅಂತಲೂ ಅಂದರು. ಕಾಗದ ಇನ್ನೂ ಯಾರೂ ಕೊಟ್ಟಿಲ್ಲ.

ಉಳಿದಿರುವುದು ಕಂಟ್ರಾಕ್ಟರ್‌ಗಳು. ಹೆಸರು ಹಾಕಬಾರದು ಅನ್ನುವ ಷರತ್ತಿನ ಮೇಲೆ ಇಬ್ಬರು ಮಾತಾಡಲು ಒಪ್ಪಿದ್ದಾರೆ. ಒಬ್ಬರಿಗೆ ಮಂಗಳವಾರ ರಜಾ, ಅವತ್ತೇ ಬನ್ನಿ ಅಂದಿದ್ದಾರೆ. ಒಬ್ಬ ಹುಡುಗನಿಗೆ ಕಂಪನಿ ಎಷ್ಟು ಕೊಡುತ್ತದೆ, ಅವನ ಕೈಗೆ ಎಷ್ಟು ಸೇರುತ್ತದೆ ಅನ್ನುವುದನ್ನೇ ಮೊದಲು ಕೇಳಬೇಕೆಂದಿದ್ದೇವೆ.