ಊರಿನ ಮಾದರಿ, ಏಳನೇ ವಾರ: ನೀರು ಕಡೆಗೂ ಹೊರಳಿತು

ಊರಿನ ಏರಿಳಿತ ತೋರಿಸಲು ನಾನು ಕಟ್ಟುತ್ತಿರುವ ಮಾದರಿಯ ಮೇಲೆ ನಿನ್ನೆ ರಾತ್ರಿ ಹನ್ನೊಂದಕ್ಕೆ ಸಿರಿಂಜಿನಿಂದ ಬಿಟ್ಟ ನೀಲಿ ನೀರು ಹಣಮಪ್ಪನ ಗುಡಿ ಕಡೆ ಹೋಗದೆ ಕೆಳಗಿನ ಓಣಿಗೆ ವಾಪಸ್ ಬಂತು. ಮೂರು ವಾರದಿಂದ ಕಾಯ್ದದ್ದು ಇದಕ್ಕೇ.

ಬಾದಾಮಿ ತಾಲ್ಲೂಕಿನ ನಮ್ಮೂರು, 1:500 ಅಳತೆ, ಎತ್ತರ ಮಾತ್ರ ಐದು ಪಟ್ಟು. ಅಂದರೆ ನೆಲದ ಒಂದು ಮೀಟರ್ ಮಾದರಿಯಲ್ಲಿ ಒಂದು ಸೆಂಟಿಮೀಟರ್. ಎತ್ತರಕ್ಕೆ ತಕ್ಕಂತೆ ಶೀಟು ಕೊರೆದು, ಒಂದರ ಮೇಲೊಂದು ಪದರವಾಗಿ ಅಂಟಿಸಿ ನೆಲದ ಏರಿಳಿತ ಕಟ್ಟುವುದು. ಇದಕ್ಕೆ ಕೈ ಹಾಕಿದ್ದು ವಾರ್ಡಿನ ಮತದಾರರೆಲ್ಲ ಸೇರಬೇಕಾದ ಹಿಂದಿನ ವಾರ್ಡ್ ಸಭೆ ನೋಡಿದ ಮೇಲೆ. ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ಕಾನೂನು ಕೇಳುವುದು ಮತದಾರರಲ್ಲಿ ಹತ್ತರಲ್ಲೊಂದು ಪಾಲು ಇಲ್ಲವೇ 20 ಜನ, ಯಾವುದು ಕಡಿಮೆಯೋ ಅದು. ಸಹಿಗಳು ಇಪ್ಪತ್ತು ದಾಟಿದವು. ಆದರೆ ಗಟಾರದ ನಕ್ಷೆ ಮೇಜಿನ ಮೇಲೆ ಹರಡಿದಾಗ ಬಗ್ಗಿ ನೋಡಿದವರು ನಾಲ್ಕು ಗಂಡಸರು. ಹೆಣ್ಮಕ್ಕಳು ಬಾಗಿಲಲ್ಲೇ ನಿಂತಿದ್ದರು. ಮಳೆ ಬಂದಾಗ ಮನೆಯೊಳಗಿನ ನೀರು ಹೊರಚೆಲ್ಲುವವರು ಅವರೇ.

ಮೊದಲ ಪೆಟ್ಟು ಶೀಟಿನಿಂದ. ಬಾಗಲಕೋಟೆಯ ಅಂಗಡಿಯವರಿಗೆ 5 ಮಿ.ಮೀ. ಅಂತ ಬರೆದುಕೊಟ್ಟಿದ್ದೆ, ಕಟ್ಟಿನಲ್ಲಿ ಅರ್ಧಕ್ಕರ್ಧ 4 ಮಿ.ಮೀ. ಬಂದಿದ್ದವು. ಹತ್ತು ಪದರ ಏರಿಸಿದ ಮೇಲೆ ಒಂದು ಮಗ್ಗುಲು ಒಂದು ಸೆಂಟಿಮೀಟರ್ ಕುಸಿದಿತ್ತು, ಲೆಕ್ಕದಲ್ಲಿ ಅರ್ಧ ಊರು ಒಂದು ಮೀಟರ್ ತಗ್ಗು! ಫೋನ್ ಮಾಡಿದರೆ "ಒಂದ್ ಎಂ.ಎಂ.ನಾಗ ಏನೈತ್ರಿ" ಅಂದರು. ಎಲ್ಲ ಕಿತ್ತು ಮತ್ತೆ ಕಟ್ಟಿದೆ.

ಅದು ಎರಡು ದಿನದ ಕೆಲಸ. ಸತಾಯಿಸಿದ್ದು ಕೆಳಗಿನ ಓಣಿ. ಮಾದರಿಯನ್ನು ಶಾಲೆಯ ಪಡಸಾಲೆಯಲ್ಲಿಟ್ಟು ನೀರು ಬಿಟ್ಟಾಗ, ಸಭೆಯ ನಕ್ಷೆಯಲ್ಲಿ ಗಟಾರ ಇದ್ದಂತೆಯೇ ಅದು ಗುಡಿ ಕಡೆ ಹರಿಯಿತು. ಓಣಿಯ ಅಕ್ಕ ಒಬ್ಬರು ತಡೆದರು: "ಇದು ಸುಳ್ಳ ಐತಿ ತಮ್ಮಾ. ನೀರು ಆ ಕಡಿ ಹೋಗಂಗಿಲ್ಲ, ನಮ್ಮ ಹೊಸ್ತಿಲಕ್ಕ ಬರತೈತಿ."

ನಾನು ನೆಚ್ಚಿಕೊಂಡದ್ದು ಎಸ್‌ಆರ್‌ಟಿಎಂ ಮಾಹಿತಿ, ಅಂದರೆ ಮೇಲಿನಿಂದ ರಾಡಾರಿನಲ್ಲಿ ಅಳೆದ ನೆಲದ ಎತ್ತರ. ಅದರ ಒಂದು ಚೌಕ ಸುಮಾರು 30 ಮೀಟರ್, ಎತ್ತರ ಪೂರ್ಣ ಮೀಟರುಗಳಲ್ಲಿ. ರಾಡಾರಿಗೆ ಮಾಳಿಗೆಯೂ ಕಾಣುತ್ತದೆ, ಗಿಡವೂ ಕಾಣುತ್ತದೆ. ಒಂದು ಗೇಣಿನ ಇಳಿಜಾರು ಅದರಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು? ಅದೂ 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದದ್ದು. ಓಣಿಯಲ್ಲಿ ಆಮೇಲೆ ಆದದ್ದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಗೌಂಡಿ ಕಾಕಾ ತಮ್ಮ ನೀರಿನ ಲೆವೆಲ್ ಪೈಪು ತಂದರು, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದಲ್ಲ, ಅದು. ಒಂದು ತುದಿ ಅವರ ಕೈಲಿ, ಇನ್ನೊಂದು ಆ ಅಕ್ಕನ ಕೈಲಿ. ಗುಳ್ಳೆ ಹೊರಡಿಸಿ, ಹನ್ನೊಂದು ಕಡೆ ಗೋಡೆಗೆ ಗುರುತು ಹಾಕಿ, ಗುರುತಿನಿಂದ ನೆಲದವರೆಗೆ ಟೇಪು ಹಿಡಿದೆವು. ಗುಡಿ ಕಡೆ 7 ಸೆಂ.ಮೀ. ಎತ್ತರ! ಗುಡಿ ಮುಂದೆ ನಳಕ್ಕೆಂದು ಅಗೆದ ಕಡೆ ರಸ್ತೆಯ ಅಂಚು ಕಾಣುತ್ತಿತ್ತು: ಕಾಂಕ್ರೀಟಿನ ಮೇಲೆ ಕಾಂಕ್ರೀಟು, ಒಟ್ಟು 22 ಸೆಂ.ಮೀ. ಮೊದಲಿದ್ದ 15 ಸೆಂ.ಮೀ. ಇಳಿಜಾರನ್ನು ಅದು ನುಂಗಿಬಿಟ್ಟಿದೆ. ಹಳೆಯದನ್ನು ಅಗೆಯದೆ ಮೇಲೆ ಮೇಲೆ ಸುರಿಯುವುದು ಎಷ್ಟು ಊರುಗಳಲ್ಲಿ ನಡೆದಿದೆಯೋ. ಯಾರೂ ಓಣಿಯವರನ್ನು ಒಂದು ಮಾತು ಕೇಳಿರಲಿಲ್ಲ.

ಮಾದರಿಯಲ್ಲಿ 22 ಸೆಂ.ಮೀ. ಅಂದರೆ 2.2 ಮಿ.ಮೀ. ಲಗ್ನಪತ್ರಿಕೆಯ ರಟ್ಟು ಪಟ್ಟಿಪಟ್ಟಿಯಾಗಿ ಅಂಟಿಸಿ, ಫೆವಿಕಾಲ್ ಸವರಿ, ಎರಡು ಕೈ ಆಯಿಲ್ ಪೇಂಟ್ ಬಳಿದೆ. ಮೊದಲ ಸಲ ಪೇಂಟ್ ಬಿರಿದು ನೀರು ಪದರದೊಳಗೆ ಇಳಿಯಿತು. ಎರಡನೇ ಸಲಕ್ಕೆ, ನಿನ್ನೆ ರಾತ್ರಿ, ಹೊಸ್ತಿಲಿಗೇ ಬಂತು.

ಇವತ್ತು ಮುಂಜಾನೆ ಅದನ್ನೇ ಮತ್ತೆ ಪಡಸಾಲೆಯ ನೆಲದ ಮೇಲಿಟ್ಟೆ. ಹದಿನಾಲ್ಕು ಹೆಣ್ಮಕ್ಕಳು ಸುತ್ತ ಕೂತರು. ತಮ್ಮ ಮನೆಗೆ ತಾವೇ ಗುಂಡುಸೂಜಿ ಚುಚ್ಚಿದರು. ಗಟಾರ ಮೂಡಣ ಹಳ್ಳದ ಕಡೆ ಹೋಗಬೇಕೆಂದು ಕೆಂಪು ದಾರ ಎಳೆದು ತೋರಿಸಿದರು. ಸೋಮವಾರದ ವಾರ್ಡ್ ಸಭೆಯ ಠರಾವಿನಲ್ಲಿ ಆ ದಾರ ಬರವಣಿಗೆಯಾಗಬೇಕು. ಅಲ್ಲಿಂದ ಗ್ರಾಮಸಭೆ, ಆಮೇಲೆ ಪಂಚಾಯಿತಿಯ ಅಭಿವೃದ್ಧಿ ಯೋಜನೆ.

ಅಷ್ಟರಲ್ಲಿ ತಲೆಯಲ್ಲಿ ಇನ್ನೊಂದು ಶುರುವಾಗಿದೆ. ಆಗಸ್ಟ್ 2019ರಲ್ಲಿ ಮಲಪ್ರಭಾ ಪಟ್ಟದಕಲ್ಲಿನ ಗುಡಿಗಳನ್ನೂ ಹೊಕ್ಕಾಗ ನಮ್ಮ ಹೊಳೆದಂಡೆಯ ಗೋಡೆಗಳ ಮೇಲೂ ನೀರಿನ ಗೆರೆ ಉಳಿದಿತ್ತು. ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಯಾವ ಓಣಿ ಮೊದಲು ಖಾಲಿಯಾಗಬೇಕು ಎಂಬುದನ್ನೂ ಊರವರೇ ಮಾದರಿಯಲ್ಲಿ ಗುರುತಿಸಬಹುದಲ್ಲ? ಸುಣ್ಣ ಬಳಿಯದ ಎರಡು ಗೋಡೆ ಇನ್ನೂ ಇವೆ. ಆದಿತ್ಯವಾರ ಕಾಕಾ ಪೈಪು ತರುತ್ತಾರೆ. ಶೀಟು ಈ ಸಲ ಹುಬ್ಬಳ್ಳಿಯಿಂದ, ಒಂದೊಂದನ್ನೂ ವರ್ನಿಯರಿನಲ್ಲಿ ಅಳೆದೇ ತರುವುದು.