ಆಲೂಗಡ್ಡೆ, ಕಡ್ಡಿ ಮತ್ತು 109.5 ಡಿಗ್ರಿ

ನೀರಿನ ಅಣುವನ್ನು ಬೋರ್ಡಿನ ಮೇಲೆ ನೇರ ಗೆರೆಯಲ್ಲಿ ಬರೆದವರನ್ನು ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಸುಮ್ನೆ ಬಿಡುತ್ತಿರಲಿಲ್ಲ. "ಆಕ್ಸಿಜನ್ ಮೇಲೆ ಇನ್ನೂ ನಾಲ್ಕು ಎಲೆಕ್ಟ್ರಾನ್ ಇದ್ದವಲ್ಲ, ಕಾಫಿಗೆ ಹೋದವಾ?" ಎನ್ನುತ್ತಿದ್ದರು.

ಫಸ್ಟ್ ಪಿಯುಸಿಯಲ್ಲಿ ನಮಗೆ ಗೈಡಿನಲ್ಲಿದ್ದ ಬಾಂಡ್ ಕೋನಗಳ, ಅಂದರೆ ನಡುವಿನ ಪರಮಾಣುವಿನ ಎರಡು ಬಾಂಡ್‌ಗಳ ನಡುವಿನ ಕೋನಗಳ, ಪಟ್ಟಿಯೇ ಗತಿ. ಮೀಥೇನ್ 109.5, ಅಮೋನಿಯಾ 107, ನೀರು 104.5. ಸಿಇಟಿಗೆ ಅಷ್ಟಿದ್ದರೆ ಸಾಕು ಅಲ್ವಾ? ಮೇಷ್ಟ್ರಿಗೆ ಸಾಕಾಗುತ್ತಿರಲಿಲ್ಲ. ಮೊದಲು ಎಲೆಕ್ಟ್ರಾನ್‌ಗಳನ್ನು ಚುಕ್ಕಿಗಳಾಗಿ ತೋರಿಸುವ ಲೂಯಿಸ್ ಚಿತ್ರ ಬರೆಯಬೇಕು. ನಡುವಿನ ಪರಮಾಣುವಿನ ಸುತ್ತ ಎಷ್ಟು ಎಲೆಕ್ಟ್ರಾನ್ ಜೋಡಿ ಇವೆ ಎಂದು ಎಣಿಸಬೇಕು. ಕೋನ ಊಹಿಸಿದ ಮೇಲೇ ಪುಸ್ತಕ ತೆಗೆಯಬೇಕು.

ಒಂದು ದಿನ ಹಾಸ್ಟೆಲ್ ಅಡುಗೆಮನೆಯಿಂದ ಆಲೂಗಡ್ಡೆ, ಕಡ್ಡಿಪೊರಕೆಯ ಕಡ್ಡಿ ತರಿಸಿದರು. ಆಲೂಗಡ್ಡೆ ನಡುವಿನ ಪರಮಾಣು, ಕಡ್ಡಿಗಳು ಒಂದನ್ನೊಂದು ತಳ್ಳುವ ಎಲೆಕ್ಟ್ರಾನ್ ಜೋಡಿಗಳು. ನಾಲ್ಕು ಕಡ್ಡಿಗಳನ್ನು ಒಂದಕ್ಕೊಂದು ಆದಷ್ಟು ದೂರ ಇರುವಂತೆ ಚುಚ್ಚಿ ಎಂದರು. ಮುಕ್ಕಾಲು ಕ್ಲಾಸು ಕೂಡುವ ಚಿಹ್ನೆಯ ಹಾಗೆ ಚಪ್ಪಟೆಯಾಗಿ ಚುಚ್ಚಿತು, ನಡುವೆ 90 ಡಿಗ್ರಿ. ಮೇಷ್ಟ್ರು ಎದುರುಬದುರಿನ ಎರಡು ಕಡ್ಡಿ ಕಿತ್ತು ಮೇಲಕ್ಕೆ ಓರೆಯಾಗಿ, ಉಳಿದೆರಡನ್ನು ಕೆಳಕ್ಕೆ ಓರೆಯಾಗಿ ಚುಚ್ಚಿದರು. ಕೋನ ಹಿಗ್ಗಿತು. ಮೀಥೇನಿನ 109.5 ಎಲ್ಲಿಂದ ಬಂತು ಅಂತ ಆಗ ಕಣ್ಣಿಗೆ ಕಂಡಿತು.

ಲೋನ್ ಪೇರ್, ಅಂದರೆ ಬಾಂಡಿನಲ್ಲಿ ಸೇರದ ಎಲೆಕ್ಟ್ರಾನ್ ಜೋಡಿಯ ವಿಷಯಕ್ಕೆ ಅವರು ಬಸ್ಸಿನ ಸೀಟು ತರುತ್ತಿದ್ದರು. ಬಾಂಡ್ ಪೇರನ್ನು, ಅಂದರೆ ಬಾಂಡಿನಲ್ಲಿರುವ ಜೋಡಿಯನ್ನು, ಎರಡು ನ್ಯೂಕ್ಲಿಯಸ್ ಎರಡು ಕಡೆಯಿಂದ ಹಿಡಿದಿರುತ್ತವೆ, ಅದು ಮುದುಡಿ ಕೂರುತ್ತೆ. ಲೋನ್ ಪೇರಿಗೆ ಒಂದೇ ಕಡೆಯ ಹಿಡಿತ, ಹಾಗಾಗಿ ಕಾಲು ಚಾಚಿ ಪಕ್ಕದವರನ್ನು ಒತ್ತುತ್ತೆ. ಅಮೋನಿಯಾದಲ್ಲಿ ಅಂಥದ್ದು ಒಂದು, ನೀರಿನಲ್ಲಿ ಎರಡು, ಅದಕ್ಕೇ ಅವುಗಳ ಕೋನ 109.5ಕ್ಕಿಂತ ಕಡಿಮೆ.

ಜೋಡಿ ಎಣಿಸಿ ಅಣುವಿನ ಆಕಾರ ಊಹಿಸುವ ಈ ವೆಸ್ಪರ್ (VSEPR) ಲೆಕ್ಕಕ್ಕೆ 1940ರಲ್ಲಿ ಸಿಡ್ಜ್‌ವಿಕ್ ಮತ್ತು ಪೊವೆಲ್ ದಾರಿ ಹಾಕಿದ್ದರು. 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ಅದನ್ನು ಬೆಳೆಸಿದರು. ಇಸವಿಗಳನ್ನು ಮೇಷ್ಟ್ರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನೈಟ್ರೋಜನ್ ಮತ್ತು ಎರಡು ಆಕ್ಸಿಜನ್‌ಗಳ ಮೂರು ರೂಪ. ನೈಟ್ರೋನಿಯಂ ಅಯಾನಿನ ನೈಟ್ರೋಜನ್ ಮೇಲೆ ಬಿಡಿ ಎಲೆಕ್ಟ್ರಾನೇ ಇಲ್ಲ. ಅದು ನೇರ, 180. ಒಂದು ಎಲೆಕ್ಟ್ರಾನ್ ಸೇರಿಸಿದರೆ ನೈಟ್ರೋಜನ್ ಡೈಆಕ್ಸೈಡ್, ಸುಮಾರು 134. ಇನ್ನೊಂದು ಸೇರಿಸಿದರೆ ನೈಟ್ರೈಟ್. ಅಲ್ಲಿ ಪೂರ್ತಿ ಲೋನ್ ಪೇರ್ ಕೂತಿದೆ, ಕೋನ ಸುಮಾರು 115ಕ್ಕೆ ಇಳಿಯುತ್ತೆ. ಪರಮಾಣುಗಳು ಅವೇ, ಬದಲಾಗಿದ್ದು ಎರಡು ಎಲೆಕ್ಟ್ರಾನ್. ಇಷ್ಟು ಚೊಕ್ಕ ಉದಾಹರಣೆ ನಮ್ಮ ಗೈಡಿನಲ್ಲಿ ಇರಲೇ ಇಲ್ಲ!

ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಹೈಡ್ರೋಜನ್ ಸಲ್ಫೈಡ್ ಎತ್ತಿದಳು. ಎಣಿಕೆ ನೀರಿನದೇ, ಎರಡು ಬಾಂಡ್ ಪೇರ್, ಎರಡು ಲೋನ್ ಪೇರ್. ಕೋನ ಮಾತ್ರ 92. ಮೇಷ್ಟ್ರಿಗೆ ಭಾರಿ ಖುಷಿ. 109.5ಕ್ಕಿಂತ ಕಡಿಮೆ ಅಂತಷ್ಟೇ ಎಣಿಕೆ ಹೇಳುತ್ತೆ, ಎಷ್ಟು ಕಡಿಮೆ ಅನ್ನೋದು ಅದಕ್ಕೆ ಗೊತ್ತಿಲ್ಲ ಎಂದರು. ಗಂಧಕ ದೊಡ್ಡದು, ಬಾಂಡ್ ಉದ್ದ. ಎಲೆಕ್ಟ್ರಾನ್‌ಗಳನ್ನು ಆಕ್ಸಿಜನ್ ಎಳೆದಷ್ಟು ಗಂಧಕ ತನ್ನತ್ತ ಎಳೆಯಲ್ಲ. ಬಾಂಡ್ ಪೇರ್‌ಗಳು ದೂರದೂರ ಇರುವುದರಿಂದ ಅವುಗಳ ನಡುವಿನ ತಳ್ಳಾಟವೂ ಕಡಿಮೆ.

ಅಮೋನಿಯಾದಲ್ಲಿ ನೈಟ್ರೋಜನ್ ಜಾಗಕ್ಕೆ ರಂಜಕ ಬಂದರೆ ಫಾಸ್ಫೀನ್; ಅದರ ಕೋನವನ್ನು ಮರುದಿನ ಊಹಿಸಿಕೊಂಡು ಬರಲು ಹೇಳಿದರು, ಪುಸ್ತಕ ನೋಡದೆ. ಹೆಚ್ಚಿನವರು "ಅಮೋನಿಯಾಕ್ಕಿಂತ ತುಂಬಾ ಕಡಿಮೆ, 90ರ ಆಸುಪಾಸು" ಎಂದು ಬರೆದಿದ್ದೆವು. ಪುಸ್ತಕ ತೆಗೆದರೆ 93.5 ಇತ್ತು.