ಕ್ಯಾಲ್ಸಿಯಂ 7.2: ಡ್ರಿಪ್ ಹಾಕಬೇಕಾ?

"ದಪ್ಪಕ್ಷರದಲ್ಲಿ ಲೋ ಅಂತ ಬರ್ದಿದ್ದಾರಲ್ಲ ಡಾಕ್ಟ್ರೇ, ಕ್ಯಾಲ್ಸಿಯಂ ಡ್ರಿಪ್ ಯಾಕೆ ಹಾಕ್ತಿಲ್ಲ?" ಲಿವರ್ ಸಿರೋಸಿಸ್ ಆದ ತಂದೆಯ ರಿಪೋರ್ಟ್ ಹಿಡಿದು ಈ ವಾರ ಹುಡುಗನೊಬ್ಬ ಕೇಳಿದ ಈ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಮೊದಲ ಪುಟದಲ್ಲಿ ಕ್ಯಾಲ್ಸಿಯಂ 7.2 (ಡೆಸಿಲೀಟರಿಗೆ ಮಿಲಿಗ್ರಾಂ). ಲಿವರ್ ತಯಾರಿಸುವ ರಕ್ತದ ಪ್ರೋಟೀನ್ ಅಲ್ಬುಮಿನ್ 2.0 (ಡೆಸಿಲೀಟರಿಗೆ ಗ್ರಾಂ) ಅಂತ ಇದ್ದದ್ದು ಮೂರನೇ ಪುಟದಲ್ಲಿ. ಹುಡುಗನ ಆತಂಕದಲ್ಲಿ ತಪ್ಪೇನಿಲ್ಲ. ಜೊತೆಯಲ್ಲೇ ಓದಬೇಕಾದ ಎರಡು ಅಂಕಿಗಳನ್ನು ಬೇರೆ ಬೇರೆ ಕಡೆ ಮುದ್ರಿಸಿದ್ದೇ ತಪ್ಪು.

ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು ಶೇ. 40 ಪ್ರೋಟೀನಿಗೆ, ಮುಖ್ಯವಾಗಿ ಅಲ್ಬುಮಿನ್‌ಗೆ, ಅಂಟಿಕೊಂಡಿರುತ್ತದೆ. ನರ, ಸ್ನಾಯು, ಹೃದಯಕ್ಕೆ ಒದಗುವುದು ಯಾವುದಕ್ಕೂ ಅಂಟದ ಅಯಾನಿಕ್ ಕ್ಯಾಲ್ಸಿಯಂ. ಅದು ಹೆಚ್ಚುಕಡಿಮೆ ಅರ್ಧದಷ್ಟು. ಅಲ್ಬುಮಿನ್ ಕುಸಿದಾಗ ಒಟ್ಟು ಅಂಕಿ ಇಳಿದರೂ ಅಯಾನಿಕ್ ಭಾಗ ಸಾಮಾನ್ಯವಾಗಿ ಹಾಗೇ ಇರುತ್ತದೆ. ಅಲ್ಬುಮಿನ್ ಸರಿಯಿದ್ದಿದ್ದರೆ ಒಟ್ಟು ಅಂಕಿ ಎಷ್ಟಿರುತ್ತಿತ್ತು ಎಂದು ಅಂದಾಜಿಸಲು, ಅಲ್ಬುಮಿನ್‌ನ ಸಾಮಾನ್ಯ ಮಟ್ಟವಾದ 4ರಲ್ಲಿ ರೋಗಿಯ ಅಲ್ಬುಮಿನ್ ಕಳೆದು, 0.8ರಿಂದ ಗುಣಿಸಿ, ಬಂದದ್ದನ್ನು ಕ್ಯಾಲ್ಸಿಯಂಗೆ ಕೂಡಿಸಬೇಕು. ಇಲ್ಲಿ 1.6 ಸೇರಿ 8.8 ಆಯಿತು, ಅಂದರೆ ನಾರ್ಮಲ್. ಬೆರಳು ಜುಮ್ಮೆನ್ನುತ್ತಿಲ್ಲ, ಕೈಕಾಲು ಸೆಡೆತವಿಲ್ಲ, ಇಸಿಜಿಯಲ್ಲಿ ಕ್ಯೂಟಿ (ಹೃದಯದ ಒಂದು ಬಡಿತದ ವಿದ್ಯುತ್ ಅವಧಿ) ಉದ್ದವಾಗಿಲ್ಲ. ಡ್ರಿಪ್ ಬೇಕಿಲ್ಲ.

"ಹಾಗಾದ್ರೆ ಲೋ ಅಂತ ಯಾಕೆ ಬರೆದ್ರು?" ಅಂದ.

ಲೋ ಅಂತ ಬರೆದರೆ ಯಾರಾದರೂ ಕೇಳುತ್ತಾರೆ. ನಿಜವಾದ ಭಯ ಏನನ್ನೂ ಬರೆಯದ ರಿಪೋರ್ಟಿನದು. ಮೈಲೋಮಾ (ಮೂಳೆಮಜ್ಜೆಯ ಒಂದು ಕ್ಯಾನ್ಸರ್) ರೋಗಿಗೆ ಕ್ಯಾಲ್ಸಿಯಂ 10.2, ಅಲ್ಬುಮಿನ್ 2.0 ಎಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ 11.8. ಬಾಯಾರಿಕೆ, ಮಲಬದ್ಧತೆ, ಮಂಕು ಎಲ್ಲ ಶುರುವಾಗಿದ್ದರೂ ಕಾಗದದ ಮೇಲೆ ನಾರ್ಮಲ್! ಅದೇ ಮೈಲೋಮಾದಲ್ಲಿ ಕೆಲವೊಮ್ಮೆ ಅಸಹಜ ಪ್ರೋಟೀನೇ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು, ಅಯಾನಿಕ್ ಸರಿಯಿದ್ದರೂ ಒಟ್ಟು ಅಂಕಿ ಮೇಲೇರುವುದುಂಟು. ಅಲ್ಲಿ ಸೂತ್ರ ಕೈಕೊಡುತ್ತದೆ. ಐಸಿಯು, ಕಿಡ್ನಿ ರೋಗಿಗಳಲ್ಲೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಆಗ ಅಯಾನಿಕ್ ಕ್ಯಾಲ್ಸಿಯಂ ಅನ್ನೇ ಅಳೆಯಬೇಕು, ಇದರ ಮಾನವೇ ಬೇರೆ, ಲೀಟರಿಗೆ ಸುಮಾರು 1.12ರಿಂದ 1.32 ಮಿಲಿಮೋಲ್ ಸರಿ. ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಇರುವ ಸಿರಿಂಜಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ರಕ್ತ ತೆಗೆದು ತಕ್ಷಣ ಕಳಿಸಬೇಕು. ಗಾಳಿ ತಾಗಿದರೆ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ಇನ್ನಷ್ಟು ಕ್ಯಾಲ್ಸಿಯಂ ಅಲ್ಬುಮಿನ್‌ಗೆ ಅಂಟಿ ಅಂಕಿ ಸುಳ್ಳುಸುಳ್ಳೇ ಇಳಿಯುತ್ತದೆ. ಒಟ್ಟು ಕ್ಯಾಲ್ಸಿಯಂ ಸ್ಯಾಂಪಲ್‌ಗೆ ತೋಳಿನ ಪಟ್ಟಿ ಬಹಳ ಹೊತ್ತು ಬಿಗಿದರೆ ಅಲ್ಬುಮಿನ್ ಗಟ್ಟಿಯಾಗಿ ಅಂಕಿ ಏರುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ, ಕ್ಯಾಲ್ಸಿಯಂ ಹಿಡಿದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಡಿಟಿಎ ಎಂಬ ರಾಸಾಯನಿಕ ಈ ಸ್ಯಾಂಪಲ್‌ಗೆ ಬೆರೆತರೆ ಕ್ಯಾಲ್ಸಿಯಂ ಪಾತಾಳಕ್ಕೆ, ಪೊಟ್ಯಾಸಿಯಂ ಆಕಾಶಕ್ಕೆ. ಇವೆರಡೂ ಒಟ್ಟಿಗೆ ಕಂಡರೆ ಔಷಧಿಗೆ ಕೈಹಾಕುವ ಮೊದಲು ಹೊಸದಾಗಿ ರಕ್ತ ತೆಗೆಸಿ.